ನಿಶ್ಚಿತಾರ್ಥಕ್ಕೇ ನಿಂತ ಪ್ರಬಂಧ

ಮೈಸೂರಿನ ಧನರಾಜ್ ಎಂಬ ಪೀಜಿ ವಿದ್ಯಾರ್ಥಿಯ ಇಮೇಲನ್ನು ಡಾಕ್ಟರ್ ಶೈಮಾ ಮಂಗಳೂರಿನ ತನ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಗೋಳಿಬಜೆ ಮುರಿಯುತ್ತ ಓದಿದಳು. ಮೊದಲು ನಗು ಬಂತು. ಎರಡನೇ ಸಲ ಓದುವಾಗ ಮುರಿದ ಗೋಳಿಬಜೆಯನ್ನು ತಟ್ಟೆಗೇ ಇಟ್ಟಳು.

‘ಗೌರವಾನ್ವಿತ ಮೇಡಂ, ಎರಡು ವರ್ಷದ ಹಿಂದಿನ ವೈದ್ಯಕೀಯ ಸಮ್ಮೇಳನದಲ್ಲಿ ಮಂಡನೆಯಾದ ಪ್ರಬಂಧಗಳಲ್ಲಿ ಎಷ್ಟು ಆಮೇಲೆ ಜರ್ನಲ್‌ಗಳಲ್ಲಿ ಅಚ್ಚಾದವು ಎಂದು ಹುಡುಕುತ್ತಿದ್ದೇನೆ. ತಮ್ಮದು ಎಲ್ಲೂ ಸಿಗಲಿಲ್ಲ. ಅಚ್ಚಾಗಿದೆಯೇ? ಇಲ್ಲವಾದರೆ ಕಾರಣವೇನು? ಶನಿವಾರದೊಳಗೆ ತಿಳಿಸಿದರೆ ಉಪಕಾರ.’

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಆ ಸಮ್ಮೇಳನದಲ್ಲಿ ಶೈಮಾ ಮಂಡಿಸಿದ್ದ ಪ್ರಬಂಧದ ವಿಷಯವೂ ಇದೇ ಆಗಿತ್ತು. ಹಳೆಯ ಸಮ್ಮೇಳನಗಳ ಪ್ರಬಂಧಗಳನ್ನು ಬೆನ್ನುಹತ್ತಿ, ಮೂರರಲ್ಲಿ ಎರಡು ಪಾಲು ವೇದಿಕೆ ಇಳಿದ ಮೇಲೆ ಎಲ್ಲಿಗೂ ತಲುಪಲಿಲ್ಲ ಎಂದು ಅವಳು ತೋರಿಸಿಕೊಟ್ಟಿದ್ದಳು. “ನಮ್ಮ ಪ್ರಬಂಧಗಳಿಗೆ ನಿಶ್ಚಿತಾರ್ಥ ಗೌಜಿಯಲ್ಲಿ ಆಗ್ತದೆ, ಮದುವೆ ಮಾತ್ರ ಆಗುವುದಿಲ್ಲ” ಎಂದು ಮೈಕಿನಲ್ಲಿ ಹೇಳಿ, ಸಭೆಯನ್ನು ನಗಿಸಿ, ಮೊದಲ ಬಹುಮಾನವನ್ನೂ ಹೊತ್ತು ಪಡೀಲಿನ ಮನೆಗೆ ಬಂದಿದ್ದಳು. ಈಗ ತನ್ನ ಪ್ರಬಂಧವೇ ನಿಶ್ಚಿತಾರ್ಥದ ಸೀರೆ ಉಟ್ಟುಕೊಂಡು ಕೂತಿತ್ತು.

“ಅಚ್ಚಾಗಿದೆ ಅಂತ ಬರೆದು ಬಿಡು” ಎಂದಳು ಎದುರು ಕೂತಿದ್ದ ಸಹೋದ್ಯೋಗಿ ಮಟಿಲ್ಡಾ. “ಅವನೇನು ಮಂಗಳೂರಿಗೆ ಬಂದು ನೋಡ್ತಾನಾ?”

“ಹುಡುಕಿಯೇ ಕೇಳಿದ್ದು ಮಾರಾಯ್ತಿ. ನಾನೂ ಹಾಗೇ ಎಲ್ಲರ ಹಿಂದೆ ಬಿದ್ದವಳಲ್ವಾ? ಶನಿವಾರ ಕಳೆದರೆ ಅವನ ಮೂರರಲ್ಲಿ ಎರಡರ ಸಾಲಿಗೆ ನನ್ನ ಹೆಸರೂ ಸೇರ್ತದೆ.”

“ಮತ್ತೆ ಅದು ಇರುವುದು ಎಲ್ಲಿ?”

“ನಿತ್ಯಾನಂದ ಸರ್ ಹತ್ರ. ಓದಿ ಹೇಳ್ತೇನೆ ಅಂದಿದ್ರು.”

“ಯಾವಾಗ?”

ಶೈಮಾ ಚಹಾದ ಲೋಟ ನೋಡಿದಳು. “ನನ್ನ ನಿಕಾಹ್‌ಗಿಂತ ಮುಂಚೆ.”

ಮಟಿಲ್ಡಾಳಿಗೆ ನಗು ತಡೆಯಲಾಗಲಿಲ್ಲ. “ಕೇಳಲಿಕ್ಕೆ ಎಂತ ನಿನಗೆ?”

“ಹೇಗೆ ಕೇಳುವುದು? ‘ಸರ್, ನೀವು ಓದದೆ ಕೂತಿದ್ದೀರಿ’ ಅಂತ ಮುಖಕ್ಕೆ ಹೇಳಿದ ಹಾಗೆ ಆಗ್ತದೆ.”

ನಿತ್ಯಾನಂದ ಸರ್ ಅವಳ ಗೈಡು. ಕಂಪ್ಯೂಟರಿನಲ್ಲಿ ತಿದ್ದುವ ಪೈಕಿಯವರಲ್ಲ. ಪ್ರಿಂಟು ಬೇಕು, ಪೆನ್ಸಿಲು ಬೇಕು, ಸಮಾಧಾನ ಬೇಕು. ದಿನವೂ ಅವರ ಕೋಣೆಯ ಮುಂದೆ ಹಾದುಹೋಗುವಾಗ ಶೈಮಾ ಇಣುಕಿ ನಮಸ್ಕಾರ ಹೇಳುತ್ತಿದ್ದಳು. ಅವರು ಏನೋ ಹೇಳಲು ಬಾಯಿ ತೆರೆದಂತೆ ಮಾಡಿ, ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ದೊಡ್ಡವರಿಗೆ ನೆನಪಿಸುವುದೆಂದರೆ ಅವರು ಮರೆತರು ಎಂದು ಸಾರಿದಂತೆ. ಅವಳು ಬೆಳೆದು ಬಂದದ್ದು ಹಾಗೆ.

ಅಂದು ಗುರುವಾರ. ಸಂಜೆ ಶೈಮಾ ಪಡೀಲಿನ ತವರುಮನೆಯಲ್ಲಿದ್ದಳು. ಮಗ್ರಿಬ್ ನಮಾಝ್ ಮುಗಿದ ಮೇಲೆ ನೆರೆಮನೆಯ ಹೆಂಗಸರು ಬಂದು ಚಾಪೆಯ ಮೇಲೆ ಕೂತರು. ಶೈಮಾಳ ತಾಯಿ ಸೌದಾ ಉಮ್ಮ ತಲೆವಸ್ತ್ರ ಸರಿಮಾಡಿಕೊಂಡು ಮಾಲೆಯ ಹಾಡು ಎತ್ತಿದರು. ಪುಣ್ಯಪುರುಷರನ್ನು ಹೊಗಳುವ ಆ ಹಾಡು ಅವರಿಗೆ ಬಾಯಿಪಾಠ. ಪುಸ್ತಕ ಬಿಡಿಸಿದ್ದನ್ನು ಯಾರೂ ಕಂಡವರಿಲ್ಲ. ಸಾಲು ಸಾಲಾಗಿ ಇಳಿದು ಬರುತ್ತಿದ್ದ ಸ್ವರ ನಡುವೆ ಒಮ್ಮೆಲೇ ನಿಂತಿತು. ಉಮ್ಮ ಕಣ್ಣು ಮುಚ್ಚಿದರು, ತುಟಿ ಅಲ್ಲಾಡಿಸಿದರು. ಸಾಲು ಬರಲಿಲ್ಲ.

ಶೈಮಾಳ ಬಾಯಿ ಅವಳನ್ನು ಕೇಳದೆಯೇ ಮುಂದಿನ ಸಾಲನ್ನು ಎತ್ತಿಕೊಟ್ಟಿತು. ಉಮ್ಮ ಅದನ್ನು ಹಿಡಿದುಕೊಂಡು, ಏನೂ ಆಗದವರಂತೆ ಹಾಡುತ್ತ ಹೋದರು.

ಎಲ್ಲರೂ ಹೋದ ಮೇಲೆ ಅವಳು ಕೇಳಿದಳು, “ಉಮ್ಮಾ, ಎಲ್ಲರೆದುರು ನಿಮಗೆ ಬೇಜಾರಾಯ್ತಾ?”

“ಬೇಜಾರು ಎಂತಕ್ಕೆ? ನೀನು ಮರ್ಯಾದೆ ಅಂತ ಸುಮ್ಮನೆ ಕೂತಿದ್ರೆ ನಾನು ಇನ್ನೂ ಅಲ್ಲೇ ನಿಂತಿರ್ತಿದ್ದೆ. ಎದುರಿಗೆ ಕೂತವರು ಮತ್ತೆ ಇರುವುದು ಯಾಕೆ?” ಎಂದು ಉಮ್ಮ ಚಾಪೆ ಸುತ್ತಿದರು.

ಶೈಮಾ ಚಾಪೆಯ ಇನ್ನೊಂದು ತುದಿ ಹಿಡಿದವಳು ಹಾಗೇ ನಿಂತುಬಿಟ್ಟಳು.

ಮರುದಿನ ಬೆಳಿಗ್ಗೆ ಅವಳು ಸರ್ ಕೋಣೆಗೆ ಇಣುಕಲಿಲ್ಲ, ನೇರ ಒಳಗೆ ಹೋದಳು. ಮನಸ್ಸಿನಲ್ಲೇ ಕಟ್ಟಿಕೊಂಡು ಬಂದ ಪೀಠಿಕೆಯೆಲ್ಲ ಬಾಗಿಲಲ್ಲೇ ಉದುರಿತು.

“ಸರ್, ನನ್ನ ಪೇಪರ್ ಉಂಟಲ್ಲಾ…”

“ಅಬ್ಬ, ಕೇಳಿದೆಯಲ್ಲ” ಎಂದು ನಿತ್ಯಾನಂದ ಸರ್ ಕಪಾಟಿನಿಂದ ಕಟ್ಟೊಂದನ್ನು ತೆಗೆದರು. ಪುಟಪುಟಕ್ಕೂ ಪೆನ್ಸಿಲಿನ ಗುರುತು. “ಇದನ್ನು ತಿದ್ದಿ ಯಾವ ಕಾಲ ಆಯ್ತು ಮಾರಾಯ್ತಿ. ನೀನು ಬಂದು ತೆಗೊಳ್ತೀ ಅಂತ ಕಾದೆ. ಹೊಸ ಸಂಸಾರ, ತಲೆಬಿಸಿ ಇರ್ತದೆ, ನೆನಪಿಸಿದರೆ ಒತ್ತಾಯ ಆಗ್ತದೆ ಅಂತ ನಾನು ಸುಮ್ಮನೆ.”

“ನಾನು ನಿಮಗೆ ಒತ್ತಾಯ ಆಗ್ತದೆ ಅಂತ ಸುಮ್ಮನೆ ಸರ್.”

ಇಬ್ಬರೂ ಆ ಕಟ್ಟನ್ನು ನೋಡಿದರು. ಸರ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಅವರ ಭುಜ ನಗುವಿಗೆ ಕುಲುಕತೊಡಗಿತು.

ಆ ಮಧ್ಯಾಹ್ನ ಇಬ್ಬರೂ ಕೂತು ತಿದ್ದಿದ್ದನ್ನು ಸೇರಿಸಿದರು. ಸಂಜೆ ಪ್ರಬಂಧ ಒಂದು ಜರ್ನಲ್‌ಗೆ ಹೋಯಿತು. ಜರ್ನಲಿನವರು ಒಪ್ಪುತ್ತಾರೋ ಇಲ್ಲವೋ, ತಿಳಿಯಲು ತಿಂಗಳುಗಳೇ ಬೇಕು. ಆದ್ದರಿಂದ ಧನರಾಜನಿಗೆ ಕೊಡಬೇಕಾದ ಉತ್ತರವೇನೂ ಬದಲಾಗಿರಲಿಲ್ಲ. ಶೈಮಾ ಸುಳ್ಳು ಬರೆಯಲಿಲ್ಲ.

‘ಇನ್ನೂ ಅಚ್ಚಾಗಿಲ್ಲ. ಇಂದಷ್ಟೇ ಕಳಿಸಿದೆವು. ಕಾರಣ: ಇಬ್ಬರ ಮರ್ಯಾದೆ. ನಿಮ್ಮ ಅಧ್ಯಯನದಲ್ಲಿ ಇದಕ್ಕೊಂದು ಜಾಗ ಮಾಡಿಕೊಡಿ, ನನ್ನದರಲ್ಲಿ ಇರಲಿಲ್ಲ.’

ಕಳಿಸುವ ಮೊದಲು ಸ್ವಲ್ಪ ಯೋಚಿಸಿ ಇನ್ನೊಂದು ಸಾಲು ಸೇರಿಸಿದಳು: ‘ನೀವು ಇದನ್ನು ಮಂಡಿಸಿದ ಮೇಲೆ ಅಚ್ಚಿಗೆ ಕಳಿಸುವುದು ಯಾವಾಗ? ಆಗಾಗ ಕೇಳುತ್ತಿರುತ್ತೇನೆ. ಬೇಜಾರು ಮಾಡಬಾರದು.’