ಸೇಬುಗಳು ಮಲಗುವ ಕೋಣೆ

ತಂಗಿಯ ಕುತ್ತಿಗೆಯ ಮೇಲೆ ಐದು ಬೆರಳೂ ಮೂಡಿದ್ದವು. ಗೂಳಿ ಒಮ್ಮೆ ನೋಡಿದ, ಎರಡನೇ ಸಲ ನೋಡುವ ತಾಳ್ಮೆ ಅವನಿಗೆಲ್ಲಿಂದ ಬರಬೇಕು? ಹಣ್ಣಿನ ಗೋದಾಮಿನ ಹಮಾಲರು ಅವನಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗಂಡ ಕತ್ತು ಹಿಸುಕಿದಾಗ ಹೇಗೆ ಕೈಕಾಲು ಬಡಿದೆನೆಂದು ಅವಳು ಒಡಕು ದನಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವನು ಬೀದಿಗಿಳಿದಿದ್ದ. ಬೇಡ ಬೇಡ ಎನ್ನುತ್ತ ಅವಳೂ ಹಿಂದೆ ಓಡಿದಳು.

ಆ ಭಾವನಿಗೆ ಅದೇ ಗೋದಾಮಿನಲ್ಲಿ ಕೆಲಸ ಕೊಡಿಸಿದವನು ಗೂಳಿಯೇ. ಆ ಪಾಪಕ್ಕೂ ಸೇರಿಸಿ ಬಾರಿಸಿದ. ಪೆಟ್ಟಿಗೆಗಳ ಸಾಲಿನ ನಡುವೆ ಕೆಡವಿಕೊಂಡು ಹಣ್ಣುಗಾಯಿ ನೀರುಗಾಯಿ ಮಾಡಿದ. ಮೂಗು ಒಡೆಯಿತು, ಹಲ್ಲೊಂದು ಸಿಮೆಂಟಿನ ಮೇಲೆ ಉರುಳಿತು. ಭಾವನ ಕೊಬ್ಬು ಮಾತ್ರ ಇಳಿಯಲಿಲ್ಲ. ರಕ್ತ ಉಗಿದು ನಕ್ಕ.

"ನನ್ನ ಹೆಂಡ್ತಿ, ನನ್ನ ಕೈ. ಕೇಳೋಕೆ ನೀನ್ಯಾರು?"

ಆಗ ಗೂಳಿಯ ಕಣ್ಣಿಗೆ ಬಿದ್ದದ್ದು ಸೇಬಿನ ಕೋಣೆ. ಮರದಿಂದ ಕಿತ್ತ ಸೇಬೂ ನಮ್ಮ ಹಾಗೆಯೇ ಉಸಿರಾಡುತ್ತದೆ, ಒಳ್ಳೆಯ ಗಾಳಿ ಎಳೆದು ಕೆಟ್ಟ ಗಾಳಿ ಬಿಡುತ್ತದೆ, ಹಾಗೆ ಉಸಿರಾಡಿ ಆಡಿಯೇ ಮುದಿಯಾಗಿ ಕೊಳೆಯುತ್ತದೆ. ಅದಕ್ಕೇ ಆ ಕೋಣೆಯ ಆಮ್ಲಜನಕವನ್ನು ಬಹುಪಾಲು ಹೊರಹಾಕಿ, ಸೇಬು ಬಿಟ್ಟ ಕೆಟ್ಟ ಗಾಳಿಯನ್ನೂ ಮಷಿನ್ನಿನಲ್ಲಿ ತೆಗೆದು, ಬಾಗಿಲು ಜಡಿದು, ತಿಂಗಳುಗಟ್ಟಲೆ ಅವನ್ನು ಮಲಗಿಸುತ್ತಿದ್ದರು. ಒಳಗೆ ಹೋಗಕೂಡದೆಂದು ಮೇಸ್ತ್ರಿ ದಿನಾ ಬಡಬಡಿಸುತ್ತಿದ್ದ. ಗೂಳಿ ಅದನ್ನು ಪೂರ್ತಿ ಕೇಳಿಸಿಕೊಂಡಿದ್ದರೆ ತಾನೆ?

ದೊಡ್ಡ ಬಾಗಿಲಿನ ಬುಡದಲ್ಲಿದ್ದ ಮರಿಬಾಗಿಲನ್ನು ತೆರೆದು, ಭಾವನನ್ನು ಒಳಗೆ ತುರುಕಿ ಅಗುಳಿ ಹಾಕಿದ. ಅವನ ಲೆಕ್ಕ ಸರಳ. ಉಸಿರುಗಟ್ಟಿದವರು ಒದ್ದಾಡುತ್ತಾರೆ, ತಂಗಿ ಒದ್ದಾಡಿದ ಹಾಗೆ. ಇವನೂ ಒದ್ದಾಡಲಿ, ಬಾಗಿಲು ಬಡಿದು ಇನ್ನೆಂದೂ ಕೈ ಮಾಡಲ್ಲ ಅಂತ ಗೋಗರೆಯಲಿ, ತಕ್ಷಣ ತೆಗೆದರಾಯಿತು.

ಬಾಗಿಲು ಯಾರೂ ಬಡಿಯಲಿಲ್ಲ. ಎಷ್ಟು ಜಂಭ ನೋಡು ಎಂದು ಗೂಳಿ ಹಲ್ಲು ಕಡಿದ, ಹೊರಗಿನಿಂದ ತಾನೇ ಒದ್ದ. ಒಳಗಿನಿಂದ ಹೂಂ ಇಲ್ಲ, ಉಹೂಂ ಇಲ್ಲ.

ಗಲಾಟೆ ಕೇಳಿ ಮೇಸ್ತ್ರಿ ಓಡಿಬಂದ. ಭಾವ ಒಳಗಿದ್ದಾನೆ, ಉಸಿರುಗಟ್ಟಿ ಬಾಗಿಲು ಬಡಿಯಲಿ ಎಂದ ಗೂಳಿಯ ಕೆನ್ನೆಗೆ ಬಿಗಿದ. "ಅಲ್ಲಿ ಉಸಿರು ಕಟ್ಟಲ್ಲ ಕಣೋ. ಕೆಟ್ಟ ಗಾಳಿ ಎದೇಲಿ ತುಂಬಿದ್ರೆ ತಾನೆ ಕಟ್ಟೋದು? ಅಲ್ಲಿ ಅದು ಆರಾಮಾಗಿ ಹೊರಗೆ ಹೋಗ್ತಿರುತ್ತೆ, ಒಳ್ಳೇದು ಒಳಗೆ ಬರಲ್ಲ, ಅಷ್ಟೆ. ಎರಡು ಉಸಿರಿಗೆ ಗೊತ್ತೇ ಆಗದ ಹಾಗೆ ಬಿದ್ದುಹೋಗ್ತಾರೆ."

ಗೂಳಿ ಬಾಗಿಲಿಗೆ ಹಾರಿದ. ಅಗುಳಿ ಕಿತ್ತು, ಅಲ್ಲೇ ಒಳಬದಿಗೆ ಬಿದ್ದಿದ್ದ ಭಾವನನ್ನು ಕಾಲು ಹಿಡಿದು ದರದರ ಎಳೆದ. ತುಟಿ ನೀಲಿಗಟ್ಟಿತ್ತು. ಮುಖದಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ, ಉಂಡು ಮಲಗಿದವನ ಹಾಗಿದ್ದ. ಅದನ್ನು ಕಂಡು ಗೂಳಿಗೆ ಭಯವೂ ಆಯಿತು, ಮೈಯೂ ಉರಿಯಿತು.

"ಊದು," ಎಂದ ಮೇಸ್ತ್ರಿ. "ನೀನು ಬಿಡೋ ಉಸಿರಲ್ಲೂ ಅವನಿಗೆ ಸಾಕಾಗುವಷ್ಟು ಒಳ್ಳೇ ಗಾಳಿ ಉಳಿದಿರುತ್ತೆ."

ತಾನೇ ಒಡೆದ ಬಾಯಿಗೆ ಬಾಯಿಟ್ಟು ಗೂಳಿ ಊದಿದ. ನಾಲಿಗೆಗೆ ರಕ್ತ ತಾಗಿತು. ಎದೆ ಏರಿತು, ಇಳಿಯಿತು, ಮತ್ತೆ ಅವನು ಊದಿದರೆ ಮಾತ್ರ ಏರಿತು. ಅಷ್ಟರಲ್ಲಿ ತಂಗಿ ಏದುಸಿರು ಬಿಡುತ್ತ ಬಂದಳು. ಗಂಡನನ್ನು ಸ್ವಲ್ಪ ಹೊತ್ತು ನೋಡಿ, ಅಣ್ಣನ ತೋಳು ಹಿಡಿದಳು.

"ಸಾಕು ಬಿಡಣ್ಣ," ಎಂದಳು ಮೆಲ್ಲಗೆ. "ಊದಬೇಡ."

ಗೂಳಿ ಹೆದರಿದ್ದು ಜೈಲಿಗೋ, ಹೆಣಕ್ಕೋ, ಅವನಿಗೇ ತಿಳಿಯದು. ಅವಳ ಕೈ ಕೊಡವಿ ಮತ್ತೆ ಊದಿದ, ಊದುತ್ತಲೇ ಇದ್ದ. ಕೊನೆಗೂ ಭಾವ ಬಿಕ್ಕಿದಂತೆ ತಾನಾಗಿ ಗಾಳಿ ಎಳೆದ. ಕೆಮ್ಮಿದ, ವಾಂತಿ ಮಾಡಿದ, ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು ಹೆಂಡತಿಯನ್ನು ಗುರುತಿಸಿದ.

"ಮನೆಗೆ ನಡಿ," ಎಂದ. "ಅಲ್ಲಿ ಮಾತಾಡೋಣ."

ತಂಗಿ ಅಣ್ಣನ ಮುಖವನ್ನೇ ನೋಡುತ್ತ ನಿಂತಳು.