ತಾಮ್ರದ ಕೊಡದಲ್ಲಿ ಸಮುದ್ರ

ಬುಳು ಬುಳು ಅನ್ನುತ್ತಲೇ ಇದೆ, ಗಾಜಿನ ಪೆಟ್ಟಿಗೆಯೊಳಗೆ ಗುಳ್ಳೆ ಏಳುವುದು ನಿಂತಿಲ್ಲ, ಯಾರಿಗೆ ಬೇಕಾಗಿದೆಯೋ ಈ ಗಾಳಿ, ಒಳಗೆ ಉಸಿರಾಡುವ ಒಂದು ಜೀವವೂ ಉಳಿದಿಲ್ಲ, ಆದರೂ ಗಿರಿಜಾಂಬಾ ಬೆಳಿಗ್ಗೆ ಎದ್ದವಳೇ ಪಂಪು ಹಿಡಿದು ಕೂತು, ಸಣ್ಣ ಕೊಳವೆಯಿಂದ ಪೆಟ್ಟಿಗೆಗೆ ಉಸಿರು ಬಿಡುವ ಸೈಕಲ್ ಟ್ಯೂಬು ಬಿರಿಯುವಷ್ಟು ಗಾಳಿ ತುಂಬಿಸಿದ್ದಾಳೆ, ಮಧ್ಯಾಹ್ನ ಊಟ ಬಿಟ್ಟು ಇನ್ನೊಂದು ಸಲ, ತಲೆ ಕೆಟ್ಟಿದೆಯೇನೇ ನಿನಗೆ ಎಂದು ತನ್ನನ್ನೇ ಕೇಳಿಕೊಂಡಳು, ಕೆಟ್ಟಿದ್ದರೆ ಕೆಡಲಿ, ಗುಳ್ಳೆ ನಿಂತರೆ ಮನೆಯೆಲ್ಲ ಬಿಕೋ ಅನ್ನುತ್ತದೆ. ಗಡಿಯಾರ ನಾಲ್ಕು ಹೊಡೆದು ಎಷ್ಟು ಹೊತ್ತಾಯಿತು, ತುಮಕೂರಿನ ರೈಲು ಬಂದಿರುತ್ತದೆ, ನಗರ್ತಪೇಟೆಯ ಅಂಗಡಿಗೆ ಬೇಗ ಬೀಗ ಹಾಕಿ ಅವರು ಸ್ಟೇಷನ್ನಿಗೆ ಹೋಗಿರುತ್ತಾರೆ, ಮಹಾನಂದಳನ್ನು ಜಟಕಾದಲ್ಲಿ ಕೂರಿಸಿಕೊಂಡು ಹೊರಟಿರುತ್ತಾರೆ — ಗವಿಪುರದ ಏರಿನಲ್ಲಿ ಕುದುರೆ ನಿಧಾನ ಮಾಡುತ್ತದೆ, ಮಾಡಲಿ ಶಿವನೇ, ಇನ್ನಷ್ಟು ನಿಧಾನ ಮಾಡಲಿ, ಆ ಹುಡುಗಿ ಹೊಸಿಲು ದಾಟಿದವಳೇ ಚಪ್ಪಲಿ ಕೂಡ ಬಿಡದೆ ಈ ಪೆಟ್ಟಿಗೆಯ ಹತ್ತಿರ ಓಡಿ ಬರುತ್ತಾಳೆ, ಆಮೇಲೆ ತಿರುಗಿ ಇವಳ ಮುಖ ನೋಡುತ್ತಾಳೆ, ಏನಾಯ್ತು ಅನ್ನುತ್ತಾಳೆ, ಅದಕ್ಕೊಂದು ಮಾತು ಬೇಕು, ನಿನ್ನೆಯಿಂದ ಹುಡುಕುತ್ತಿದ್ದಾಳೆ, ಸಿಕ್ಕಿಲ್ಲ.

ಕೆಂಚಪ್ಪನನ್ನು ಬಯ್ಯಬೇಕು, ತಮ್ಮ ಅಂತ ಇರುವವನು ಅವನೊಬ್ಬನೇ, ಮದರಾಸಿನ ರೈಲ್ವೆ ತಂತಿ ಆಫೀಸಿನಲ್ಲಿ ಕೆಲಸ, ಯುಗಾದಿ ಮುಗಿದ ಮೇಲೆ ಬಂದವನು ಹಣ್ಣು ತಂದನೇ ಹೂವು ತಂದನೇ, ಹಳೆಯ ಬ್ಯಾಟರಿಯ ಗಾಜಿನ ಪೆಟ್ಟಿಗೆ ತಂದ, ಬಿದಿರುಬುಟ್ಟಿಯಲ್ಲಿ ಹುಲ್ಲಿನ ನಡುವೆ ಕೂರಿಸಿದ ದಪ್ಪ ಬುಡ್ಡಿಯ ತುಂಬ ಸಮುದ್ರದ ನೀರು ತಂದ, ಒಂದು ಜಾಡಿಯಲ್ಲಿ ಹವಳದ ಕಲ್ಲು, ಹುಡುಗಿ ಯಾರ ಹತ್ರಾನೂ ಮಾತಾಡಲ್ಲ ಅಂತ ಬರೆದಿದ್ದೆಯಲ್ಲಕ್ಕ, ಇವುಗಳ ಹತ್ರ ಆಡ್ತಾಳೇನೋ ನೋಡೋಣ ಅಂದ. ಆ ಕಲ್ಲಿನ ಮೇಲೆ ಒಂದು ಹೂವು, ಹೂವಲ್ಲ ಪ್ರಾಣಿ ಅಂತೆ, ಬೆರಳುದ್ದದ್ದು, ಎಳೆ ಎಳೆಯಾಗಿ ಅರಳಿ ತೂಗುತ್ತಿತ್ತು, ಎರಡು ಪುಟ್ಟ ಮೀನು, ಶಂಖದ ಚಿಪ್ಪು ಹೊತ್ತು ಓಡಾಡುವ ಒಂದು ಏಡಿ, ಅಷ್ಟೇ ಸಂಸಾರ. ಎದುರು ಮನೆಯ ದೊರೆಸ್ವಾಮಿ ಮೇಷ್ಟ್ರು, ಹೈಸ್ಕೂಲಿನಲ್ಲಿ ಸೈನ್ಸ್ ಹೇಳಿಕೊಡುವವರು, ಬಂದು ಹುಡುಗಿಯ ಜೊತೆ ಮರಳು ಏಳು ಸಲ ತೊಳೆದರು, ಗಾಜಿಗೆ ಕಾಗದದ ಚೂರು ಅಂಟಿಸಿದರು, ನೀರು ಇಲ್ಲಿಂದ ಕೆಳಗಿಳಿದರೆ ಬರೀ ಮಳೆನೀರು ಹಾಕಮ್ಮ, ನೀರು ಆವಿಯಾಗುತ್ತೆ, ಉಪ್ಪು ಎಲ್ಲಿಗೂ ಹೋಗಲ್ಲ, ಸೋಮವಾರ ಸೋಮವಾರ ಮಾತ್ರ ಒಂದು ಚೊಂಬು ಹಳೇ ನೀರು ತೆಗೆದು ಒಂದು ಚೊಂಬು ಬುಡ್ಡಿಯ ನೀರು. ಆ ಹೂವಿಗೆ ಊಟ ಬೇರೆ, ಶಿವಶಿವಾ, ಇರುವೆ ತುಳಿದರೆ ಮೂರು ದಿನ ಕೊರಗುವ ಮನೆಯಲ್ಲಿ ಅದಕ್ಕೆ ಸೊಳ್ಳೆ ಹೊಡೆದು ಹಾಕಬೇಕು, ಗಿರಿಜಾಂಬಾ ಸಂಜೆ ಹೊತ್ತು ಚಪ್ಪಾಳೆ ತಟ್ಟುತ್ತ ಮೂಲೆ ಮೂಲೆ ತಿರುಗಿದಳು, ಒಂದೊಂದಕ್ಕೂ ತಪ್ಪಾಯ್ತಪ್ಪ ತಪ್ಪಾಯ್ತಪ್ಪ ಎನ್ನುತ್ತ ಅಂಗೈ ಚಾಚಿದಾಗ ಮಹಾನಂದ ನಕ್ಕಳು, ಹಲ್ಲು ಕಾಣುವ ಹಾಗೆ ನಕ್ಕಳು, ಮೂರು ವರ್ಷ ಆಗಿತ್ತು ಆ ಹಲ್ಲು ನೋಡಿ.

ಮೂರು ವರ್ಷ, ಸ್ವಾತಂತ್ರ್ಯ ಬಂದ ವರ್ಷದ ಕಾರ್ತೀಕದಲ್ಲಿ ಅಕ್ಕ ಹೋದಳು, ಶೈಲಜಕ್ಕ, ಎಂಟು ದಿನದ ಜ್ವರ, ಮಣ್ಣು ಮಾಡಿ ಬಂದವರು ಪಡಸಾಲೆಯಲ್ಲಿ ಕೂತು ಮಾತಾಡಿಕೊಂಡರು, ಮಗು ತಬ್ಬಲಿ, ಗಿರಿಜ ಇದ್ದಾಳಲ್ಲ, ಹೊರಗಿನವಳು ಯಾಕೆ ಬರಬೇಕು, ಹೌದು ಹೌದು — ಗಿರಿಜ ಆಗ ಒಳಗೆ ಅಕ್ಕನ ಸೀರೆ ಮಡಚುತ್ತಿದ್ದಳು, ನನ್ನ ಅಕ್ಕ ಸತ್ತಿದ್ದಾಳೆ ಕಣ್ರೋ, ನನಗೂ ಅಳುವುದಕ್ಕೆ ಒಂದು ವರ್ಷ ಬಿಡಿ ಎಂದು ಹೇಳಬೇಕಿತ್ತು, ಹೇಳಲಿಲ್ಲ, ವರ್ಷ ತುಂಬುವ ಮೊದಲೇ ಭಾವನ ಕೈಯಲ್ಲಿ ತಾಳಿ ಕಟ್ಟಿಸಿಕೊಂಡಳು, ಅವತ್ತಿನಿಂದ ಭಾವ ಅನ್ನುವ ಹಾಗಿಲ್ಲ, ಬೇರೆ ಏನನ್ನಲೂ ಬಾಯಿ ಬರುವುದಿಲ್ಲ, ಸಿದ್ದಬಸಪ್ಪನವರೂ ಪಾಪ ಏನೂ ಕರೆಯದೆ ಕೆಮ್ಮಿ ಮಾತಾಡುತ್ತಾರೆ. ಅದೆಲ್ಲ ಹೋಗಲಿ, ಮಗು ಹೋಯಿತಲ್ಲ, ಅದನ್ನು ಹೇಗೆ ತಾಳುವುದು. ಅಲ್ಲಿಯ ತನಕ ಚಿಕ್ಕಿ ಚಿಕ್ಕಿ ಅಂತ ಸೆರಗು ಬಿಡದೆ, ತೊಡೆ ಮೇಲೇ ಮಲಗಿ, ನೀನು ನಮ್ಮನೇಲೇ ಇದ್ಬಿಡು ಚಿಕ್ಕಿ ಅನ್ನುತ್ತಿದ್ದ ಹನ್ನೊಂದು ವರ್ಷದ ಕೂಸು, ಚಿಕ್ಕಿ ನಿಜವಾಗಿ ಬಂದು ಇದ್ದುಬಿಟ್ಟ ದಿನದಿಂದ ಚಿಕ್ಕಮ್ಮ ಅಂತು, ನೀವು ಅಂತು, ಊಟ ಆಯ್ತು, ಸ್ಕೂಲಿಗೆ ಹೋಗ್ತೀನಿ, ಬೇಡಿ, ಇಷ್ಟೇ ಮಾತು. ಒಂದು ದಿನ ಅಟ್ಟದ ಏಣಿಯ ಕೆಳಗೆ ನಿಂತು ನೋಡಿದ್ದು ಕಣ್ಣಲ್ಲೇ ಇದೆ, ಅಕ್ಕ ತವರಿನಿಂದ ತಂದ ತಾಮ್ರದ ಕೊಡ, ಕುತ್ತಿಗೆಗೆ ಶೈಲಜ ಎಂದು ಹೆಸರು ಕೊರೆಸಿದ್ದು, ಅಕ್ಕನ ಹಳೇ ಸೀರೆಯಲ್ಲೇ ಸುತ್ತಿಟ್ಟಿದ್ದರು, ಹುಡುಗಿ ಅದನ್ನು ಬಿಚ್ಚಿ, ಮುಖವನ್ನು ಕೊಡದ ಬಾಯಿಗೆ ಇಟ್ಟು, ಅವ್ವಾ ಅಂದಳು, ಕೊಡ ಗುಂಯ್ ಅಂತು, ಓಗೊಟ್ಟ ಹಾಗೆ, ಮತ್ತೆ ಅವ್ವಾ ಅಂದಳು. ಗಿರಿಜಾಂಬಾ ಸದ್ದು ಮಾಡದೆ ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತಳು.

ಮೊನ್ನೆ ಶನಿವಾರ ತುಮಕೂರಿಗೆ, ಅಪ್ಪನ ತಾಯಿಯ ಮನೆಗೆ ಹೊರಟು ನಿಂತ ಹುಡುಗಿ ಬಾಗಿಲ ತನಕ ಹೋಗಿ ತಿರುಗಿ ಬಂದಳು, ಸೋಮವಾರ ನೀರು ಬದಲಾಯಿಸ್ಬೇಕು, ಹಿಂದಿನ ದಿನಾನೇ ಬುಡ್ಡಿಯಿಂದ ತೆಗೆದು ತಿಳಿಯಾಗೋಕೆ ಇಡ್ಬೇಕು, ಚಿಕ್ಕಿ, ನೋಡ್ಕೋತೀಯಾ. ಚಿಕ್ಕಿ ಅಂದಳಲ್ಲ, ತನಗೇ ಗೊತ್ತಿಲ್ಲದೆ ಬಾಯಿಗೆ ಬಂತೋ, ಬೇಕೆಂದೇ ಅಂದಳೋ, ಜಟಕಾ ಹೋದ ಮೇಲೂ ಗಿರಿಜಾಂಬಾ ಬಾಗಿಲಲ್ಲೇ ನಿಂತಿದ್ದಳು, ಕಾಲಿಗೆ ನೆಲ ಸಿಗುತ್ತಿರಲಿಲ್ಲ. ನೋಡ್ಕೋತೀನಿ ಕಣೇ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ, ತಿಳಿಯಾಗೋಕೆ ಯಾವುದರಲ್ಲಿ ಇಡಲಿ, ಅಲ್ಯುಮಿನಿಯಮ್ಮಿನ ಡಬರಿಯಲ್ಲೇ, ಛೆ, ಹಿತ್ತಾಳೆ ಬೋಗುಣಿಗೆ ಬೇಳೆಯ ವಾಸನೆ, ಪೂಜೆಗೆ ತಾಮ್ರ, ತೀರ್ಥಕ್ಕೆ ತಾಮ್ರ, ತಾಮ್ರದಲ್ಲಿ ನಿಂತ ನೀರಿಗಿಂತ ಶುದ್ಧ ಯಾವುದಿದೆ — ಆಗಲೇ ಹೊಳೆದದ್ದು, ಅಕ್ಕನ ಕೊಡ. ಅಟ್ಟ ಹತ್ತಿ ಇಳಿಸಿದಳು, ಮೂರು ವರ್ಷದ ಕಪ್ಪು, ಹುಣಿಸೆಹಣ್ಣು ಹಾಕಿ ತಿಕ್ಕಿದಳು, ತೋಳು ಸೋತಿತು, ತಿಕ್ಕಿದಳು, ನೋಡೇ ಅಕ್ಕಾ, ನಿನ್ನ ಮಗಳ ಸಮುದ್ರಕ್ಕೆ ನಿನ್ನ ಕೊಡದ ನೀರು, ನೀನೂ ಒಂದು ಕೈ ಹಿಡಿ, ನಾವಿಬ್ಬರೂ ಸೇರಿ ಸಾಕೋಣ ಎಂದಳು, ಅಳು ಬಂತು, ಅಕ್ಕ ಸತ್ತ ಮೇಲೆ ಸರಿಯಾಗಿ ಅತ್ತದ್ದು ಅವತ್ತೇ. ಭಾನುವಾರ ಪೂರ್ತಿ ನೀರು ಅದರಲ್ಲಿ ನಿಂತಿತು, ಸೋಮವಾರ ಸ್ನಾನ ಮಾಡಿ ಮಡಿಯುಟ್ಟು ಚೊಂಬಿನಲ್ಲಿ ತೆಗೆದರೆ ನೀರಿಗೆ ಎಳೆ ಹಸಿರು, ಬಾಳೆಸುಳಿಯ ಹಸಿರು, ಓಹೋ ಸಮುದ್ರದ ಬಣ್ಣ ಇದೇ ಇರಬೇಕು ಅಂದುಕೊಂಡಳು, ಜನ್ಮದಲ್ಲಿ ಕಂಡವಳೇ, ಬಳೆ ಮೇಲಕ್ಕೆ ಸರಿಸಿ, ನಿಧಾನವಾಗಿ, ಹೂವಿಗೆ ನೋವಾಗದ ಹಾಗೆ ಗಾಜಿನ ಅಂಚಿನಿಂದ ಸುರಿದಳು. ಸಂಜೆಯ ಹೊತ್ತಿಗೆ ಹೂವು ಮುದುಡಿ ಗಂಟಾಯಿತು. ಮಂಗಳವಾರ ಏಡಿ ಚಿಪ್ಪಿನಿಂದ ಅರ್ಧ ಹೊರಗೆ ಬಿದ್ದಿತ್ತು, ಮೀನು ಮೇಲೆ ತೇಲುತ್ತಿದ್ದವು, ಹೂವು ಬೆರಳು ತಾಕಿದರೆ ಲೋಳೆ, ಓಡಿ ಹೋಗಿ ಮೇಷ್ಟ್ರನ್ನು ಕರೆದಳು, ಅವರು ಬಗ್ಗಿ ಮೂಸಿ, ನೀರು ಯಾವ ಪಾತ್ರೇಲಿ ಇಟ್ಟಿದ್ರಿ ತಾಯಿ ಅಂದರು, ತಾಮ್ರದ ಕೊಡದಲ್ಲಿ ಮೇಷ್ಟ್ರೇ, ಚೆನ್ನಾಗಿ ಬೆಳಗಿ ಇಟ್ಟಿದ್ದೆ, ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು, ಉಪ್ಪುನೀರು ತಾಮ್ರಾನ ತಿನ್ನುತ್ತೆ ತಾಯಿ, ಇವಕ್ಕೆ ಅದು ವಿಷ, ಚಿಟಿಕೆಯಷ್ಟು ಸಾಕು, ನಾನಾದರೂ ಮೊದಲೇ ಹೇಳ್ಬೇಕಿತ್ತು. ಹುಳಿ ಮಜ್ಜಿಗೆ ತಾಮ್ರದಲ್ಲಿಟ್ಟರೆ ಕಿಲುಬು ಬಿಡುತ್ತದೆಂದು ಆರು ವರ್ಷದವಳಿದ್ದಾಗಲೇ ಅಕ್ಕನೇ ಹೇಳಿಕೊಟ್ಟಿದ್ದಳು, ಉಪ್ಪಿಗೂ ಹಾಗೇ ಅಂತ ಈ ಮೊದ್ದು ತಲೆಗೆ ಹೋಗಲಿಲ್ಲ. ಮಗೂಗೆ ಹೇಳ್ಬೇಡಿ ಮೇಷ್ಟ್ರೇ ಅಂದಳು, ನಾನು ಹೇಳಲ್ಲ ತಾಯಿ, ನೀವೇನು ಹೇಳ್ತೀರಿ ಅಂದರು. ದಾಸವಾಳದ ಬುಡದಲ್ಲಿ ಎಲ್ಲವನ್ನೂ ಮಣ್ಣು ಮಾಡಿ ಮೇಲೊಂದು ಚಿಟಿಕೆ ವಿಭೂತಿ ಹಾಕಿದಳು, ಕೊಡವನ್ನು ತೊಳೆದು ಸೀರೆ ಸುತ್ತಿ ಅಟ್ಟಕ್ಕೆ ಏರಿಸಿದಳು.

ಜಟಕಾ ನಿಂತಿತು, ಚಪ್ಪಲಿ ಸದ್ದು, ಬಂದಳು, ಓಡಿ ಬಂದಳು, ಪೆಟ್ಟಿಗೆಯ ಮುಂದೆ ಮಂಡಿಯೂರಿದಳು, ಮೂಗು ಗಾಜಿಗೆ ತಾಕಿತು, ಬರೀ ಕಲ್ಲು, ಬರೀ ಗುಳ್ಳೆ. ಎಲ್ಲಿ ಚಿಕ್ಕಿ. ಸತ್ತುಹೋದವು ಕಣಮ್ಮ. ಎಲ್ಲಾನಾ. ಎಲ್ಲಾನೂ. ಸಿದ್ದಬಸಪ್ಪ ಟ್ರಂಕು ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು, ಕೆಮ್ಮಿದರು, ಏನಾಯ್ತು ಎಂದು ಹುಡುಗಿ ಕೇಳಿದಳು, ಗದರಲಿಲ್ಲ, ಅಳಲಿಲ್ಲ, ತಿಳಿಯಬೇಕು ಎಂದು ಕೇಳಿದಳು. ಹೇಳಿಬಿಡಲೇ, ನಿಜ ಹೇಳಿದರೆ ಈ ಮಗು ತಿಳಿದುಕೊಳ್ಳುತ್ತದೆ, ನನ್ನ ಪ್ರೀತಿ ಹೆಚ್ಚಾಗಿ ಕೆಟ್ಟದ್ದು ಕಣೇ ಎಂದರೆ ಬಂದು ತೊಡೆಯ ಮೇಲೆ ತಲೆ ಇಟ್ಟರೂ ಇಟ್ಟೀತು, ನಾಲಿಗೆಯ ತುದಿಗೆ ಬಂತು, ಅಷ್ಟರಲ್ಲಿ ಏಣಿ ಕಂಡಿತು, ನಾಳೆಯೋ ನಾಡಿದ್ದೋ ಅದನ್ನು ಹತ್ತುತ್ತಾಳೆ, ಸೀರೆ ಬಿಚ್ಚುತ್ತಾಳೆ, ಬಾಯಿ ಇಟ್ಟು ಕರೆಯುತ್ತಾಳೆ, ಅವ್ವನ ಕೊಡ ವಿಷ ಕಾರಿತು ಎಂದು ಗೊತ್ತಾದ ಮೇಲೆ ಹೇಗೆ ಕರೆದಾಳು, ಇರುವುದು ಅದೊಂದೇ ಅವಳಿಗೆ, ಬೇಡ, ಅದಾದರೂ ಇರಲಿ. ನಾನೇ ಮರ್ತೆ ಕಣೇ, ಕೆಲಸದ ಗಡಿಬಿಡಿ, ನೀರು ಬದಲಾಯಿಸೋದು ತಲೇಲೇ ಇರ್ಲಿಲ್ಲ. ಮಹಾನಂದ ಎದ್ದು ನಿಂತಳು, ಪಂಪು ಎತ್ತಿ ಗೋಡೆಗೆ ಒರಗಿಸಿದಳು, ಟ್ಯೂಬಿನ ಮೂತಿ ಬಿಗಿದಳು, ಗುಳ್ಳೆ ನಿಂತಿತು. ಅಷ್ಟು ಹೇಳಿ ಹೋಗಿದ್ದೆ ಚಿಕ್ಕಮ್ಮ, ನಿಮಗೆ ಹೇಳಿದ್ದೇ ನನ್ನ ತಪ್ಪು. ಹೂಂ. ಒಂದು ತೊಟ್ಟೂ ಹಾಕ್ಲಿಲ್ವಾ. ಇಲ್ಲಮ್ಮ, ಒಂದು ತೊಟ್ಟೂ ಹಾಕ್ಲಿಲ್ಲ ಅಂದಳು ಗಿರಿಜಾಂಬಾ, ಬಳೆ ಮೇಲಕ್ಕೆ ಸರಿಸಿ, ನಿಧಾನವಾಗಿ, ಹೂವಿಗೆ ನೋವಾಗದ ಹಾಗೆ, ಗಾಜಿನ ಅಂಚಿನಿಂದ, ಎಳೆ ಹಸಿರು ನೀರು, ಸುರಿಯುತ್ತಲೇ ಇದೆ ಕೈ, ಸುರಿಯುತ್ತಲೇ ಇದೆ