ಒಡಪಿಲ್ಲದ ಹೆಸರು

ಕೆಂಪು-ಬಿಳಿ ಪಟ್ಟೆಯ ಉಣ್ಣೆ ಶಾಲು, ಅದರ ಅಂಚು ಸುಮಂಗಲಾಳ ಮೊಣಕೈ ತನಕ ಇಳಿದಿದೆ, ಸಿಂಗಪುರದ ಈ ಸೆಕೆಯಲ್ಲಿ ಯಾರಾದರೂ ಉಣ್ಣೆ ಹೊದೀತಾರೇನು, ಏಸಿ ಜೋರಾಯಿತೆಂದು ಹೊದ್ದಳೋ, ಗೋಪಿನಾಥ ಕೊಟ್ಟನೆಂದು ಹೊದ್ದಳೋ — ಶರಣಬಸಪ್ಪ ಸೋಫಾದ ತುದಿಗೆ ಕೂತು ಟೀವಿ ಬಿಟ್ಟು ಹೆಂಡತಿಯ ಹೆಗಲನ್ನೇ ನೋಡುತ್ತಿದ್ದ. ಟೀವಿಯಲ್ಲಿ ಮೆಲ್ಬರ್ನಿನ ಮೈದಾನ, ಜಾತ್ರೆಗೂ ಮಿಕ್ಕಿದ ಜನ, ಆಸ್ಟ್ರೇಲಿಯದವರ ಫುಟ್‌ಬಾಲಿನ ಫೈನಲ್ಲು, ಸಿಡ್ನಿಯ ಕೆಂಪು-ಬಿಳಿ ತಂಡ ಎಪ್ಪತ್ತೆರಡು ವರ್ಷದಿಂದ ಕಪ್ಪು ಮುಟ್ಟಿಲ್ಲವಂತೆ, ಈ ಎರಡು ಸಾವಿರದ ಐದರಲ್ಲಾದರೂ ಮುಟ್ಟಬೇಕಂತೆ, ಗೋಪಿನಾಥ್ ಹೇಳಿದರು ಅಂತ ಯಿಶುನ್‌ನ ಮನೆಯಿಂದ ಬರುವಾಗ ಎಮ್ಮಾರ್ಟಿ ರೈಲಿನಲ್ಲಿ ಅವಳೇ ಹೇಳಿದ್ದಳು, ಹೇಳುವಾಗ ಕಿಟಕಿಯ ಗಾಜಿನಲ್ಲಿ ಅವಳ ಮುಖ ಅರಳಿದ್ದನ್ನು ಅವನು ಕಂಡಿದ್ದ. ಗೋಪಿನಾಥ ಅವನ ಆಫೀಸಿನವನೇ, ಮೈಸೂರಿನವ, ಸಿಡ್ನಿಯಲ್ಲಿ ಓದಿದವ, ಈಗ ಕಲ್ಲಾಂಗಿನಲ್ಲಿ ಈ ಕಾಂಡೊ ಮನೆ ಹಿಡಿದಿದ್ದಾನೆ, ಹೆಂಡತಿಯ ಹೆಸರು ಇಂದು, ಶನಿವಾರ ಶನಿವಾರ ಊಟಕ್ಕೆ ಕರೀತಾನೆ, ಕರೆದಾಗೆಲ್ಲ ಈ ಆಟ ಹಾಕ್ತಾನೆ. ನೋಡಿ ಸುಮಂಗಲಾ, ನಡುವಿನ ಎರಡು ಕಂಬದೊಳಗೆ ಹೋದರೆ ಆರು, ಪಕ್ಕಕ್ಕೆ ತಪ್ಪಿದರೂ ಒಂದು ಪಾಯಿಂಟ್ ಕೊಡ್ತಾರೆ, ಅಂದಿದ್ದ. ತಪ್ಪಿದವನಿಗೂ ಕೊಡ್ತಾರಾ, ಅಯ್ಯೋ ಎಷ್ಟು ಒಳ್ಳೆಯವರಪ್ಪ! ಅಂತ ಅವಳು ನಕ್ಕಿದ್ದಳು, ಮನೆಯಲ್ಲಿ ಹಾಗೆ ನಕ್ಕಿದ್ದು ಯಾವಾಗ, ಶರಣಬಸಪ್ಪ ನೆನಪಿನ ಮೂಲೆಯನ್ನೆಲ್ಲ ತಡಕಿದ, ಸಿಗಲಿಲ್ಲ. ಚೆಂಡಾದರೂ ದುಂಡಗಿದೆಯೇ, ಮಾವಿನಕಾಯಿಯಂತೆ ಉದ್ದ, ನೆಲಕ್ಕೆ ಬಿದ್ದರೆ ಹಗ್ಗ ಹರಕೊಂಡ ಕರುವಿನಂತೆ ಎತ್ತ ಬೇಕೋ ಅತ್ತ ಓಡುತ್ತದೆ, ಇದನ್ನೊಂದು ಆಟ ಅಂತ — ಅವನು ಹಟಕ್ಕೆ ಬಿದ್ದು ಎದುರು ತಂಡದ, ಪರ್ತಿನ ಹಳದಿ-ನೀಲಿಯವರ ಕಡೆ ಸೇರಿಕೊಂಡಿದ್ದ. ಏನ್ರೀ ಶರಣು, ಮನೇಲೇ ಪಾರ್ಟಿ ಸ್ಪ್ಲಿಟ್ಟಾ, ಅಂದ ಗೋಪಿನಾಥ. ಹೂಂ ಮತ್ತ, ಅಂದ ಇವನು, ನಗು ತುಟಿಯ ಮೇಲೇ ಒಣಗಿತು.

ಮೊದಲ ಸಲ ಬಂದಾಗ ಸುಮಂಗಲಾ ಅವನನ್ನು ಕರೆದದ್ದು ಗೋಪಿನಾಥ್ ಅವರೇ ಅಂತ, ನಾಕು ಶನಿವಾರ ಕಳೆಯುವುದರೊಳಗೆ ಅವರೇ ಉದುರಿತು, ಬರೀ ಗೋಪಿನಾಥ್ ಉಳಿಯಿತು, ಆ ಇಂದು ತನ್ನ ಗಂಡನನ್ನು ಲೋ ಗೋಪಿ, ಐಸ್ ತಗೊಂಡು ಬಾರೋ ಅನ್ನುವುದನ್ನು ಕೇಳಿ ಕೇಳಿ ಇವಳ ನಾಲಿಗೆಯೂ ಸಡಿಲವಾಯಿತೇನೋ. ಮತ್ತೆ ತಾನು? ತಾನು ಮದುವೆಯಾದಂದಿನಿಂದ ಏನ್ರೀ, ಇಲ್ಲ್ ನೋಡ್ರಿ, ಕೇಳಿದ್ರೇನ್ರಿ, ಅಷ್ಟೇ. ಯಿಶುನ್ ಪಾಲಿಕ್ಲಿನಿಕ್ಕಿನ ಚೀನೀ ನರ್ಸಮ್ಮ ಹಸ್ಬಂಡ್ ನೇಮ್ ಅಂತ ಕೇಳಿದರೆ ಬಾಯಿ ಬಿಡದೆ ಗಂಡನ ಕಾರ್ಡು ಮುಂದೆ ತಳ್ಳುವವಳು, ಆಕೆ ಇವಳಿಗೆ ಕಿವಿ ಕೇಳಿಸದೇನೋ ಅಂತ ಜೋರಾಗಿ ಕೂಗಿದ್ದಳಲ್ಲ. ಊರ ಕಡೆ ಎಲ್ಲರೂ ಹಾಗೇ, ದನದ ಸಂತೆಯಲ್ಲಿ ಅಪ್ಪ ಗದ್ದಲದೊಳಗೆ ತಪ್ಪಿಸಿಕೊಂಡಾಗ ಅವ್ವ ಕಣ್ಣೆದುರಿಗೇ ದೂರದಲ್ಲಿ ಅವನ ರುಮಾಲು ಕಾಣುತ್ತಿದ್ದರೂ ಕೂಗಲಿಲ್ಲ, ಶರಣ್ಯಾ, ನಿಮ್ಮಪ್ಪನ ಹೆಸರ ಹಿಡದು ಒದರೋ ಅಂದಳು, ತಾನು ಈರಬಸಪ್ಪಾ ಅಂತ ಒದರಿದ, ಎತ್ತು ಮಾರುವವರೆಲ್ಲ ಬಿದ್ದು ಬಿದ್ದು ನಕ್ಕರು, ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ತಾನೂ ನಕ್ಕಳು. ಸುಮಂಗಲಾ ಒಂದೇ ಒಂದು ಸಲ ಹೇಳಿದ್ದಳು, ಮದುವೆಯಾಗಿ ಹೊಸ್ತಿಲಿಗೆ ಬಂದು ನಿಂತಾಗ, ನಾದಿನಿಯರು ಬಾಗಿಲಿಗೆ ಕೈ ಅಡ್ಡ ಹಿಡಿದು ಒಡಪು ಹೇಳು, ಗಂಡನ ಹೆಸರು ಹಾಡಿನಾಗ ಇಟ್ಟು ಹೇಳಿದರ ಒಳಗ ಬಿಡತೀವಿ ಅಂದಾಗ, ಹಿತ್ತಲದಾಗ ಹೀರೀ ಬಳ್ಳಿ, ಬಳ್ಳೀ ತುಂಬ ಹೂವು, ಶರಣಬಸಪ್ಪನವರ ಹೆಸರ ಹೇಳೀನಿ, ಬಾಗಿಲ ಬಿಡ್ರೀ ನೀವು — ನೆಲ ನೋಡುತ್ತ, ಹೆಸರಿನ ಹತ್ತಿರ ಬಂದಾಗ ಉಸಿರು ಸಿಕ್ಕಿಕೊಂಡು, ಆ ಸಿಕ್ಕಿದ ಉಸಿರು ತನ್ನದು, ತನ್ನೊಬ್ಬನದೇ.

ಅರ್ಧ ಆಟ ಮುಗಿದು ಬಿಡುವು ಬಂತು, ಸಿಡ್ನಿಯವರು ಮುಂದಿದ್ದರು, ಗೋಪಿನಾಥ ಸುಮಂಗಲಾಳ ಅಂಗೈಗೆ ಅಂಗೈ ತಟ್ಟಿದ, ಶರಣಬಸಪ್ಪನಿಗೆ ಯಾವ ದೆವ್ವ ಹೊಕ್ಕಿತೋ, ನಮ್ಮ ಕಡೆ ಒಂದು ಪದ್ಧತಿ ಐತ್ರಿ, ಅಂತ ಶುರು ಮಾಡಿಯೇ ಬಿಟ್ಟ, ಹೆಂಡತಿ ಗಂಡನ ಹೆಸರಿಗೆ ಒಡಪು ಹಾಕಿ ಹೇಳತಾಳ, ಹೇಳು ಸುಮಂಗಲಾ, ಇವರೆಲ್ಲ ಕೇಳಲಿ. ಅವಳು ತಟ್ಟನೆ ತಿರುಗಿದಳು. ಸೋ ಸ್ವೀಟ್, ಹೇಳಿ ಹೇಳಿ, ಅಂದಳು ಇಂದು. ಗೋಪಿನಾಥ ರಿಮೋಟು ಒತ್ತಿ ಟೀವಿಯ ದನಿ ಕಡಿಮೆ ಮಾಡಿದ, ಅದೂ ಮರ್ಯಾದೆಯಿಂದಲೇ ಮಾಡಿದ ಹಾಳಾದವ. ಅವಳು ಗಂಡನನ್ನು ನೋಡಿದಳು, ಶಾಲಿನಿಂದ ಮುಖಕ್ಕೆ, ಮುಖದಿಂದ ಶಾಲಿಗೆ ಹರಿದಾಡುತ್ತಿದ್ದ ಅವನ ಕಣ್ಣನ್ನು ನೋಡಿದಳು, ಅವಳಿಗೆ ಎಲ್ಲ ತಿಳಿಯಿತು, ತಿಳಿದದ್ದು ಇವನಿಗೂ ತಿಳಿಯಿತು, ಬ್ಯಾಡ ಬಿಡು ಅನ್ನಬೇಕೆಂದು ಬಾಯಿ ತೆರೆದ. ಶರಣಬಸಪ್ಪ, ಅಂದಳು. ಹೀರೇಬಳ್ಳಿಯಿಲ್ಲ, ಹೂವಿಲ್ಲ, ಕೊನೆಗೆ ಅವರು ಅಂತಲೂ ಇಲ್ಲ, ಸರದಿಯಲ್ಲಿ ನಿಂತವರನ್ನು ಕರೆದ ಹಾಗೆ. ಆಯ್ತಾ? ಅಂತ ಬೆಂಗಳೂರಿನವರಂತೆ ಕೇಳಿ ಟೀವಿಯ ಕಡೆ ತಿರುಗಿದಳು. ಅಷ್ಟೇನಾ, ಅಂದಳು ಇಂದು. ಅಷ್ಟೇ.

ಇಷ್ಟು ದಿನ ಅವಳು ಹೇಳದೆ ಇಟ್ಟುಕೊಂಡದ್ದು ತನ್ನ ಹೆಸರೊಂದನ್ನೇ ಅಲ್ಲವೇ, ಬೇರೆ ಯಾವ ಗಂಡಸಿನ ಹೆಸರಿಗೂ ಆ ಬಾಯಿ ಹಾಗೆ ಮುಚ್ಚಿಕೊಂಡಿರಲಿಲ್ಲ, ಗೋಪಿನಾಥ ಅನ್ನೋದು ಅಂಗಡಿಯ ಬೋರ್ಡಿನ ಹೆಸರಿದ್ದಂತೆ, ಯಾರು ಬೇಕಾದರೂ ಓದಬಹುದು — ಇದು ಮೊದಲೇ ಯಾಕೆ ಹೊಳೆಯಲಿಲ್ಲ, ಕೈಯಾರೆ ಹೊರಗೆ ಹಾಕಿಸಿದೆನಲ್ಲ, ಅವರೆಲ್ಲರೆದುರಿಗೆ, ಹಟಕ್ಕೆ. ಆಟ ಓಡುತ್ತಿತ್ತು, ಹಳದಿ-ನೀಲಿಯವರು ಹತ್ತಿರ ಬಂದರು, ದಾಟಿದರು, ಮತ್ತೆ ಸಿಡ್ನಿ ಮುಂದಾಯಿತು, ಬರೀ ನಾಕು ಪಾಯಿಂಟು, ಕೊನೆಯ ಗಳಿಗೆ, ಹಳದಿ-ನೀಲಿಯವನೊಬ್ಬ ಚೆಂಡನ್ನು ಕಂಬದ ಕಡೆ ಉದ್ದಕ್ಕೆ ಒದ್ದ, ಅದು ಮೇಲೆ ಹೋಯಿತು, ಇಳಿಯುವ ಜಾಗದಲ್ಲಿ ಗುಂಪಿಗೆ ಗುಂಪೇ ಹಾರಿತು, ಶರಣಬಸಪ್ಪನೂ ಮೊದಲ ಸಲ ಉಸಿರು ಹಿಡಿದ, ಕೆಂಪು-ಬಿಳಿಯವನೊಬ್ಬ ಎಲ್ಲರ ತಲೆಯ ಮೇಲಿಂದ ಬಂದು ತಬ್ಬಿ ಹಿಡಿದುಬಿಟ್ಟ, ಸೈರನ್ನು ಕೂಗಿತು, ಗೋಪೀ, ಹಿಡಿದ್ರು, ಹಿಡಿದ್ರು! ಅಂತ ಸುಮಂಗಲಾ ಎದ್ದು ಕಿರುಚಿದಳು, ನಾಥ್ ಕೂಡ ಉದುರಿತು, ಇಂದುವೂ ಕುಣಿದಳು, ಗೋಪಿನಾಥ ಕಣ್ಣೊರೆಸಿಕೊಂಡು ತನ್ನ ಹೆಂಡತಿಯನ್ನು ತಬ್ಬಿಕೊಂಡ, ತನ್ನ ಹೆಂಡತಿಯನ್ನೇ, ಅವನಿಗೆ ಬೇರೆ ಯಾರ ಕಡೆಯೂ ಕಣ್ಣಿಲ್ಲ, ಇಲ್ಲವೇ ಇಲ್ಲ, ಹಾಗಾದರೆ ತಾನು ಯಾತಕ್ಕೆ — ಸುಮಂಗಲಾ ಶಾಲು ತೆಗೆದು ಮಡಚಿ ಮೇಜಿನ ಮೇಲಿಟ್ಟಳು, ಅಡಿಗೆಮನೆಯ ಬಾಗಿಲಲ್ಲಿ ನಿಂತು ಇವನ ಕಡೆ ನೋಡಿದಳು, ಏನ್ರೀ ಅಂತಾಳೆ, ಈಗ ಏನ್ರೀ ಅಂತಾಳೆ. ಶರಣಬಸಪ್ಪ, ಚಹಾ ಕುಡೀತೀರಾ? ಅವನು ಟೀವಿಯ ಕಡೆ ತಿರುಗಿದ, ಅಲ್ಲಿ ಆ ಹಿಡಿತವನ್ನೇ ಮತ್ತೆ ತೋರಿಸುತ್ತಿದ್ದಾರೆ, ಈಗ ನಿಧಾನವಾಗಿ, ಚೆಂಡು ಇಳಿಯುತ್ತದೆ, ಎಲ್ಲರೂ ಹಾರುತ್ತಾರೆ, ಹಳದಿ-ನೀಲಿಯವನ ಎರಡು ಕೈ ಚೆಂಡಿಗೆ ಇನ್ನೇನು ತಾಗಬೇಕು, ಬೆರಳು ಗಾಳಿಯನ್ನು ಹಿಡಿದು ಮುಚ್ಚಿಕೊಳ್ಳುತ್ತವೆ, ಮತ್ತೆ ಇನ್ನೊಂದು ಕಡೆಯಿಂದ, ಇನ್ನೂ ನಿಧಾನವಾಗಿ, ಎರಡು ಕೈ, ಇನ್ನೇನು ತಾಗಬೇಕು, ಬೆರಳು —